ಗೆದ್ದಾಗ ಎದ್ದು ಹೋದರೆ ತಪ್ಪೇ?

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಶನಿವಾರ ರಾತ್ರಿ ಒಬ್ಬರ ಮನೆಯಲ್ಲಿ ಸೇರಿ ಸಣ್ಣ ಮೊತ್ತಕ್ಕೆ ಪೋಕರ್ ಆಡುತ್ತೇವೆ. ಕಳೆದ ವಾರ ಒಂದೇ ಪಾಟ್‌ನಲ್ಲಿ (ಒಂದು ಆಟಕ್ಕೆ ಎಲ್ಲರೂ ಕಟ್ಟಿದ ಪಣದ ರಾಶಿ) ನನ್ನ ಚಿಪ್ಸ್, ಅಂದರೆ ದುಡ್ಡಿನ ಬದಲು ಬಳಸುವ ಬಿಲ್ಲೆಗಳು, ಮೂರು ಪಟ್ಟಾಯಿತು. ಹತ್ತೇ ನಿಮಿಷಕ್ಕೆ, ಮನೆಯಿಂದ ಫೋನ್ ಬಂತೆಂದು ಸುಳ್ಳು ಹೇಳಿ, ದುಡ್ಡು ಎಣಿಸಿಕೊಂಡು ಹೊರಟೆ. ಆ ಪಾಟ್ ಸೋತ ಗೆಳೆಯ ಅಂದಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ‘ಗಂಟು ಕಟ್ಟಿಕೊಂಡು ಓಡಿದ’ ಎಂದು ಉಳಿದವರೂ ಕುಟುಕುತ್ತಾರೆ. ಗೆದ್ದದ್ದನ್ನೆಲ್ಲ ಮತ್ತೆ ಸೋಲುವವರೆಗೂ ಕೂತಿರಬೇಕೇ?

ಉತ್ತರ: ಬೇಕಿಲ್ಲ. ಪೋಕರ್‌ನ ಯಾವ ನಿಯಮವೂ ಗೆದ್ದವರನ್ನು ಕಟ್ಟಿಹಾಕುವುದಿಲ್ಲ. ಕ್ಯಾಸಿನೊದಲ್ಲಿ ನಗದಿಗೆ ಆಡುವ ಕ್ಯಾಶ್ ಟೇಬಲ್‌ನಲ್ಲಿ ದೊಡ್ಡ ಪಾಟ್ ಗೆದ್ದ ಮರುಕ್ಷಣ ಎದ್ದರೂ ಯಾರೂ ಕೇಳುವಂತಿಲ್ಲ. ಕಾಯುತ್ತಿರುವವರ ಪಟ್ಟಿಯಿಂದ ಇನ್ನೊಬ್ಬರು ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಆಟ ನಡೆಯುತ್ತದೆ. ನಿಮ್ಮ ಮನೆಯಾಟದಲ್ಲಿ ಆ ಕುರ್ಚಿ ಖಾಲಿಯೇ ಉಳಿಯುತ್ತದೆ. ಆರು ಮಂದಿ ಐದಾಗುತ್ತಾರೆ, ಟೇಬಲ್ ಮೇಲಿದ್ದ ಚಿಪ್ಸ್‌ನಲ್ಲಿ ದೊಡ್ಡ ಪಾಲು ನಿಮ್ಮ ಜೊತೆ ಬಾಗಿಲು ದಾಟುತ್ತದೆ. ಗೆಳೆಯರ ಸಿಟ್ಟಿಗೆ ಅರ್ಧ ಕಾರಣ ಇದು.

ಇನ್ನರ್ಧ ನೀವು ಹೇಳಿದ ಫೋನ್ ಕಥೆ. ಅದನ್ನು ಒಬ್ಬರೂ ನಂಬಿರುವುದಿಲ್ಲ, ವಾರವಾರವೂ ಎದುರಿನವರ ಬ್ಲಫ್ ಹಿಡಿಯಲು ಹೆಣಗುವ ಜನ ಅವರು! ಜೊತೆಗೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಸೋತ ರಾತ್ರಿಗಳಲ್ಲಿ ನೀವು ಎಷ್ಟು ಹೊತ್ತಿಗೆ ಏಳುತ್ತೀರಿ? ಸೋತಾಗ ಎರಡು ಗಂಟೆಯವರೆಗೂ ಕೂತು, ಗೆದ್ದಾಗ ಹನ್ನೊಂದಕ್ಕೇ ನಿದ್ದೆ ಬರುವವರನ್ನು ಗೆಳೆಯರು ಬಹಳ ಬೇಗ ಗುರುತಿಸುತ್ತಾರೆ. ಒಂದು ರಾತ್ರಿಯ ಗೆಲುವನ್ನು ಮರೆತಾರು, ಈ ಚಾಳಿಯನ್ನು ಮರೆಯುವುದಿಲ್ಲ.

ಆದ್ದರಿಂದ ಏಳುವ ಹೊತ್ತನ್ನು ಮೊದಲ ಎಲೆ ಹಂಚುವ ಮುನ್ನವೇ ಹೇಳಿಬಿಡಿ: ‘ನಾನು ಹನ್ನೊಂದೂವರೆಗೆ ಹೊರಡ್ತೀನಿ.’ ಆಗಿನ್ನೂ ಯಾರೂ ಗೆದ್ದಿಲ್ಲ, ಸೋತಿಲ್ಲ, ಹಾಗಾಗಿ ಆ ಮಾತಿಗೆ ಬೇರೆ ಅರ್ಥ ಹಚ್ಚಲು ಬರುವುದಿಲ್ಲ. ಅರ್ಧ ಗಂಟೆ ಉಳಿದಾಗ ಇನ್ನೊಮ್ಮೆ ನೆನಪಿಸಿ. ಕೊನೆಗೆ, ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಪಣಗಳಲ್ಲಿ ದೊಡ್ಡದು; ಚಿಕ್ಕದು ಸ್ಮಾಲ್ ಬ್ಲೈಂಡ್) ನಿಮ್ಮ ಹತ್ತಿರ ಬಂದಾಗ ‘ಇದೇ ನನ್ನ ಕೊನೇ ಸುತ್ತು’ ಎನ್ನಿ. ಆರು ಮಂದಿ ಇದ್ದು ಗಂಟೆಗೆ 20-25 ಆಟ ಸಾಗುತ್ತಿದ್ದರೆ ಒಂದು ಸುತ್ತಿಗೆ, ಅಂದರೆ ಆರು ಆಟಕ್ಕೆ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಎರಡೂ ಬ್ಲೈಂಡ್ ಕಟ್ಟಿ, ಸುತ್ತು ಪೂರ್ತಿ ಆಡಿ, ಬಿಗ್ ಬ್ಲೈಂಡ್ ಮತ್ತೆ ನಿಮ್ಮ ಮುಂದೆ ಬರುವ ಹೊತ್ತಿಗೆ ಏಳಿ. ಬಿಗ್ ಬ್ಲೈಂಡ್ ಕಟ್ಟಿ, ಸ್ಮಾಲ್ ಬ್ಲೈಂಡ್ ಕಟ್ಟುವ ಮೊದಲೇ ಎದ್ದರೆ ಮುಂದಿನ ಆಟಕ್ಕೆ ಸ್ಮಾಲ್ ಬ್ಲೈಂಡ್ ಯಾರದು, ಡೀಲರ್ ಬಟನ್ (ಹಂಚುವ ಸರದಿ ಯಾರದೆಂದು ತೋರಿಸುವ ಬಿಲ್ಲೆ) ಎಲ್ಲಿಡುವುದು ಎಂದು ಅಲ್ಲೊಂದು ಜಗಳ ಶುರುವಾಗುತ್ತದೆ.

ಆ ಕೊನೆಯ ಸುತ್ತಿನಲ್ಲಿ ಕೈ ಕಟ್ಟಿಕೊಂಡು ಬಂದ ಎಲೆಯನ್ನೆಲ್ಲ ಫೋಲ್ಡ್ ಮಾಡುತ್ತಾ (ಆಡದೆ ಕೆಳಗಿಡುತ್ತಾ) ಕೂರಬೇಡಿ. ‘ಕಾಲು ಗಂಟೆ ಕೊಟ್ಟಿದ್ದೀನಲ್ಲ’ ಎಂಬ ಶಾಸ್ತ್ರಕ್ಕೆ ಕೂರುವುದು, ನೇರವಾಗಿ ಎದ್ದು ಹೋಗುವುದಕ್ಕಿಂತಲೂ ಹೆಚ್ಚು ಕೆರಳಿಸುತ್ತದೆ. ಆಡುವ ಎಲೆ ಬಂದರೆ ಆಡಿ. ಎಲೆ ಕೈಯಲ್ಲಿರುವಾಗಲೇ ಚಿಪ್ಸ್ ಜೋಡಿಸತೊಡಗುವುದೂ ಬೇಡ: ನಿಮಗೆ ಈ ಆಟದಲ್ಲಿ ಆಸಕ್ತಿಯಿಲ್ಲ ಎಂದು ಸರದಿ ಬರುವ ಮೊದಲೇ ಎಲ್ಲರಿಗೂ ತಿಳಿದುಹೋಗುತ್ತದೆ.

ಲೆಕ್ಕ ಮುಗಿಸುವ ರೀತಿಗೆ ಮನೆಯಾಟದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಒಂದು ಲೆಕ್ಕ ನೋಡಿ. ಆರು ಮಂದಿ ತಲಾ 100 ಚಿಪ್ಸ್‌ಗೆ ದುಡ್ಡು ಕಟ್ಟಿದ್ದಾರೆ, ಪೆಟ್ಟಿಗೆಯಲ್ಲಿ 600 ಚಿಪ್ಸ್‌ನ ದುಡ್ಡು ಇದೆ. ನಡುವೆ ಇಬ್ಬರು ‘ಆಮೇಲೆ ಕೊಡ್ತೀನಿ’ ಎಂದು ತಲಾ 100 ಚಿಪ್ಸ್ ಸಾಲ ತೆಗೆದುಕೊಂಡರು. ಈಗ ಟೇಬಲ್ ಮೇಲೆ 800 ಚಿಪ್ಸ್, ಅದರಲ್ಲಿ 340 ನಿಮ್ಮದು. ನೀವು ಪೆಟ್ಟಿಗೆಯಿಂದ 340 ಎತ್ತಿಕೊಂಡು ಹೊರಟರೆ ಅಲ್ಲಿ ಉಳಿಯುವುದು 260, ಟೇಬಲ್ ಮೇಲಿನ ಚಿಪ್ಸ್ 460. ಕೊರತೆಯ 200 ವಸೂಲಾಗದಿದ್ದರೆ ಪೆಟ್ಟು ತಿನ್ನುವವರು ಕೊನೆಯವರೆಗೂ ಕೂತವರು. ಬೇಗ ಎದ್ದವರು ನಗದು ಪೂರ್ತಿ ಒಯ್ದು, ಸಾಲದ ತಲೆನೋವನ್ನು ಇತರರಿಗೆ ಬಿಟ್ಟ ಹಾಗಾಗುತ್ತದೆ. ನೀವು ಏಳುವ ಮೊದಲು ಸಾಲಗಾರರು ಪೆಟ್ಟಿಗೆಗೆ ದುಡ್ಡು ಹಾಕುವುದು ಒಂದು ದಾರಿ. ಅದಾಗದಿದ್ದರೆ ಪೆಟ್ಟಿಗೆಯಿಂದ 140 ಮಾತ್ರ ತೆಗೆದುಕೊಂಡು, ಉಳಿದ 200 ಅನ್ನು ಆ ಇಬ್ಬರ ಹೆಸರಿನಲ್ಲಿ ನಿಮಗೆ ಬರಬೇಕಾದ ಬಾಕಿ ಎಂದು ಬರೆಸಿಕೊಳ್ಳಿ. ಆಗ ಪೆಟ್ಟಿಗೆಯಲ್ಲೂ 460, ಟೇಬಲ್ ಮೇಲೂ 460. ಗೆದ್ದವರೇ ಸಾಲದ ಹೊರೆ ಹೊತ್ತು ಹೊರಟರೆ ‘ಗಂಟು’ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಚಿಪ್ಸ್ ಎಣಿಸುವಾಗ 20ರ ಸಾಲುಗಳಾಗಿ ಜೋಡಿಸಿ, ಲೆಕ್ಕ ಇಟ್ಟುಕೊಂಡವರ ಎದುರು, ಎರಡು ಆಟಗಳ ನಡುವೆ ಎಣಿಸಿ. ಯಾರಿಂದಲಾದರೂ ಚಿಪ್ಸ್ ಕೈಗಡ ಪಡೆದಿದ್ದರೆ ಮೊದಲು ಅದನ್ನು ತೀರಿಸಿ.

ಎದ್ದು ಹೋಗುವ ಬದಲು ಕೆಲವರು ಗೆದ್ದದ್ದರಲ್ಲಿ ಅರ್ಧ ಜೇಬಿಗಿಳಿಸಿ, ಉಳಿದರ್ಧದಲ್ಲಿ ಆಡುತ್ತಾರೆ. ಅದನ್ನು ಮಾತ್ರ ಮಾಡಲೇಬೇಡಿ. ಎದ್ದು ಹೋಗುವುದು ಬರೀ ಮರ್ಯಾದೆಯ ಪ್ರಶ್ನೆ, ಇದು ನಿಯಮಭಂಗ. ಟೇಬಲ್‌ಗೆ ಬಂದ ಚಿಪ್ಸ್ ನೀವು ಆಟ ಬಿಡುವವರೆಗೂ ಅಲ್ಲೇ ಇರಬೇಕು, ಇಲ್ಲವಾದರೆ ಸೋತವರು ಅದನ್ನು ಮರಳಿ ಗೆಲ್ಲುವ ದಾರಿಯೇ ಮುಚ್ಚಿಹೋಗುತ್ತದೆ. ಎದ್ದು ಹೋಗಿ, ಸ್ವಲ್ಪ ಹೊತ್ತಿಗೇ ಸಣ್ಣ ಮೊತ್ತ ಹಿಡಿದು ಮರಳುವುದೂ ಇದೇ ಸಾಲಿಗೆ ಸೇರುತ್ತದೆ. ಆನ್‌ಲೈನ್ ಟೇಬಲ್‌ಗಳು ಸಾಮಾನ್ಯವಾಗಿ ಇದನ್ನು ತಡೆದಿರುತ್ತವೆ: ನಿಗದಿತ ಸಮಯದೊಳಗೆ ಅದೇ ಟೇಬಲ್‌ಗೆ ಬಂದರೆ ಒಯ್ದಷ್ಟನ್ನೇ ಇಟ್ಟು ಕೂರಬೇಕು.

ಮೂವರೋ ನಾಲ್ವರೋ ಉಳಿದಾಗ ನೀವು ಎದ್ದರೆ ಆಟವೇ ನಿಂತುಹೋಗಬಹುದು. ಅಂಥ ಹೊತ್ತಿನಲ್ಲಿ ಇನ್ನೊಂದೆರಡು ಸುತ್ತು ಹೆಚ್ಚಿಗೆ ಕೊಡುವುದು ಒಳ್ಳೆಯದು. ಮೈ ಸೋತು ಕಣ್ಣು ಎಳೆಯುತ್ತಿದ್ದರೆ, ಅದನ್ನೇ ಹೇಳಿ ಎದ್ದುಬಿಡಿ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಬರುವ ಶನಿವಾರ ದುಡ್ಡು ವಾಪಸ್ ಕೊಡಲು ಹೋಗಬೇಡಿ, ಬೇಕೆಂದೇ ಸೋಲಲೂಬೇಡಿ. ಎರಡೂ ಆ ಗೆಳೆಯನಿಗೆ ಅವಮಾನ. ಆಟ ಶುರುವಾಗುವ ಮೊದಲು ಅವರ ಹತ್ತಿರ ಹೋಗಿ, ‘ಹೋದ ವಾರ ಹೇಳದೆ ಎದ್ದುಬಿಟ್ಟೆ, ಫೋನ್ ಏನೂ ಬಂದಿರಲಿಲ್ಲ. ಇವತ್ತು ಹನ್ನೊಂದೂವರೆವರೆಗೆ ಇರ್ತೀನಿ’ ಎಂದರೆ ಸಾಕು. ಹನ್ನೊಂದೂವರೆಗೆ ಸೋತಿದ್ದು, ಇನ್ನೊಂದು ಗಂಟೆ ಕೂತು ಗೆದ್ದುಕೊಳ್ಳೋಣ ಎನಿಸಿದರೂ, ಮೊದಲ ಮೂರ್ನಾಲ್ಕು ವಾರವಾದರೂ ಹೇಳಿದ ಹೊತ್ತಿಗೇ ಏಳಿ.