ಲಕ್ಷ ಬರುತ್ತದೆ, ಮಿಲಿಯನ್ ಬಾಯಿಗೆ ಬರುವುದಿಲ್ಲ

ಪುಣೆಯ ಭೋಸರಿ ಕಡೆಯ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮೂವತ್ತನಾಲ್ಕರ ಹೆಣ್ಣುಮಗಳ ಪ್ರಕರಣ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ತವರು ವಿಜಯಪುರ ಜಿಲ್ಲೆಯ ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಗಂಡನ ಕೆಲಸ ಪಿಂಪ್ರಿಯಲ್ಲಿದ್ದುದರಿಂದ ಮದುವೆಯ ನಂತರ ಇಲ್ಲಿಗೆ ಬಂದವರು. ಇಂಗ್ಲಿಷ್ ಮಾಧ್ಯಮದಲ್ಲಿ ಐದನೆಯ ತರಗತಿ ಓದುವ ಮಗಳಿದ್ದಾಳೆ.

ಆಕೆ ಹೇಳಿಕೊಂಡು ಬಂದದ್ದು ಹೊಟ್ಟೆನೋವು. ಭಾನುವಾರ ಸಂಜೆ ಶುರುವಾಗುತ್ತದೆ, ಸೋಮವಾರ ಸಂಜೆಗೆ ತಾನಾಗಿ ನಿಲ್ಲುತ್ತದೆ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಏನೂ ಕಾಣದೆ, ಆಪ್ತಸಲಹೆಗೆ ಹೋಗಿ ಬನ್ನಿ ಎಂದಿದ್ದರು. ಸೋಮವಾರ ಆಫೀಸಿನಲ್ಲಿ ಏನಿರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಮಧ್ಯಾಹ್ನ ಜರ್ಮನಿಯ ಗಿರಾಕಿ ಕಂಪನಿಯ ಜೊತೆ ಕಾಲ್ ಇರುತ್ತದೆ. ಮೊದಲು ಮ್ಯಾನೇಜರ್ ಅಂಕಿಗಳನ್ನು ಓದುತ್ತಿದ್ದರು, ಈಗ ಹಾಳೆ ತಯಾರಿಸಿದವರೇ ಓದಬೇಕೆಂದು ನಿಯಮವಾಗಿದೆ. ಮೊದಲ ದಿನ ತೆರೆಯ ಮೇಲೆ 12,540,000 ಎಂದಿತ್ತು. ತಲೆಯೊಳಗೆ ಒಂದು ಕೋಟಿ ಇಪ್ಪತ್ತೈದು ಲಕ್ಷ ನಲವತ್ತು ಸಾವಿರ ಎಂದು ಥಟ್ಟನೆ ಬಂತು. ಬಾಯಲ್ಲಿ ಮಾತ್ರ 'ಒನ್ ಮಿಲಿಯನ್ ಟ್ವೆಂಟಿ ಫೈವ್' ಎಂದು ಹೊರಟು ಅಲ್ಲೇ ನಿಂತಿತು. ಆ ಕಡೆಯವರು ಇನ್ನೊಮ್ಮೆ ಹೇಳಿ ಎಂದು ಮರ್ಯಾದೆಯಿಂದಲೇ ಕೇಳಿದರು. ಈಕೆ ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕಾಲ್‌ನಿಂದ ಹೊರಬಂದರು. ಅಲ್ಲಿಂದ ಮುಂದೆ ಸೋಮವಾರದ ರಜೆಗಳು ಹೆಚ್ಚಾದವು.

"ಲೆಕ್ಕ ನನಗ ಬರ್ತದರಿ ಮೇಡಂ. ಬಾಯಿಬಿಟ್ಟು ಹೇಳಾಕ ಹ್ವಾದ್ರ ನಾಲಿಗಿ ಕಟ್ಟಿಬಿಡ್ತದ. ನನ್ನ ತಲಿಯಾಗ ಏನರ ದೋಷ ಅದ ಏನ್ರಿ?"

ಇದಕ್ಕೆ ಧೈರ್ಯದ ಮಾತು ಹೇಳಿ ಕಳಿಸಿದರೆ ಪ್ರಯೋಜನವಿರಲಿಲ್ಲ, ಪರೀಕ್ಷಿಸಿಯೇ ಉತ್ತರ ಕೊಡಬೇಕಿತ್ತು. ಅಂತರ್ಜಾಲದಲ್ಲಿ ಡಿಸ್ಕ್ಯಾಲ್ಕ್ಯುಲಿಯಾ ಎಂಬ ಹೆಸರು ಓದಿಕೊಂಡು ಅದೇ ತನಗಿದೆ ಎಂದು ಆಕೆ ಆಗಲೇ ನಂಬಿಬಿಟ್ಟಿದ್ದರು. ಆ ತೊಂದರೆ ಇರುವವರಿಗೆ ಚಿಕ್ಕಂದಿನಿಂದಲೇ ಸಂಖ್ಯೆಯ ಹಿರಿದು ಕಿರಿದು ಅಂದಾಜಿಗೆ ಸಿಗುವುದು, ಸರಳ ಕೂಡುವ ಕಳೆಯುವ ಲೆಕ್ಕ, ಚಿಲ್ಲರೆ ಎಣಿಸುವುದು ಕಷ್ಟವಾಗಿರುತ್ತದೆ. ಕನ್ನಡದಲ್ಲೇ ಕೇಳಿದೆ: 47,250 ರೂಪಾಯಿಗೆ ಶೇಕಡಾ ಹದಿನೆಂಟು ಜಿಎಸ್‌ಟಿ ಎಷ್ಟಾಗುತ್ತದೆ? ಪೆನ್ನು ಮುಟ್ಟದೆ "ಎಂಟು ಸಾವಿರದ ಐನೂರ ಐದು" ಎಂದರು. ಶಾಲೆಯಲ್ಲಿ ಮಗ್ಗಿ, ಮನೆಯಲ್ಲಿ ಅಪ್ಪನ ಅಡತಿ ಅಂಗಡಿಯ ಲೆಕ್ಕ, ಎಲ್ಲೂ ತಡವರಿಸಿದವರಲ್ಲ. ದೋಷ ತಲೆಯಲ್ಲಿಲ್ಲ ಎಂದು ಆ ಹೊತ್ತು ನಾನು ಖಚಿತವಾಗಿಯೇ ಹೇಳಿದೆ.

ಹಾಗಾದರೆ ತೊಡಕು ಎಲ್ಲಿದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದೇ ಸಂಕಟವನ್ನು ನುಂಗಿಕೊಂಡು ಕೂತ ಕನ್ನಡ ಮಾಧ್ಯಮದವರು ಪುಣೆ, ಮುಂಬಯಿಯ ಆಫೀಸುಗಳಲ್ಲಿ ಬೇರೆಯವರೂ ಇದ್ದಾರೆ. 4,72,58,316 ಎಂಬ ಮೊತ್ತ ತೆಗೆದುಕೊಳ್ಳಿ. ಕನ್ನಡದಲ್ಲಿ ನಾಲ್ಕು ಕೋಟಿ ಎಪ್ಪತ್ತೆರಡು ಲಕ್ಷ ಐವತ್ತೆಂಟು ಸಾವಿರದ ಮುನ್ನೂರ ಹದಿನಾರು. ಭಾರತದ ಇಂಗ್ಲಿಷಿನಲ್ಲೂ ಅದೇ ಅನುಕ್ರಮ: ಫೋರ್ ಕ್ರೋರ್ ಸೆವೆಂಟಿ ಟೂ ಲ್ಯಾಕ್ ಫಿಫ್ಟಿ ಎಯ್ಟ್ ಥೌಸಂಡ್ ತ್ರೀ ಹಂಡ್ರೆಡ್ ಅಂಡ್ ಸಿಕ್ಸ್‌ಟೀನ್. ಇದನ್ನು ಆಕೆ ಸಲೀಸಾಗಿ ಓದುತ್ತಿದ್ದರು. ಅದೇ ಮೊತ್ತ 47,258,316 ಎಂದು ಬಂದಾಗ ಅಲ್ಪವಿರಾಮದ ಜಾಗ ಬದಲಾಗಿ, ನಮ್ಮ 'ಎಪ್ಪತ್ತೆರಡು ಲಕ್ಷ' ನಡುವೆಯೇ ಸೀಳಿಹೋಗುತ್ತದೆ. 7 ಎಂಬ ಅಂಕಿ ಮಿಲಿಯನ್ನಿನ ಪಾಲಿಗೆ ಹೋಗಿ 'ಫಾರ್ಟಿ ಸೆವೆನ್ ಮಿಲಿಯನ್' ಆಗುತ್ತದೆ, 2 ಎಂಬ ಅಂಕಿ ಸಾವಿರದ ಪಾಲಿಗೆ ಬಂದು 'ಟೂ ಹಂಡ್ರೆಡ್ ಫಿಫ್ಟಿ ಎಯ್ಟ್ ಥೌಸಂಡ್' ಆಗುತ್ತದೆ. ಲಕ್ಷವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮಿಲಿಯನ್ ಹೇಳಲು ಹೋದವರ ನಾಲಿಗೆ ಇಲ್ಲಿ ಕಟ್ಟುವುದು ಸಹಜ. ಒಂದೇ ಮೊತ್ತವನ್ನು ಎರಡು ಕಡೆ ಕತ್ತರಿಸುವ ಕೆಲಸವನ್ನು ತಲೆ ಒಂದೇ ಕ್ಷಣದಲ್ಲಿ ಮಾಡಬೇಕಾಗುತ್ತದೆ. ಅದರ ಜೊತೆಗೆ ಭಯವೂ ಸೇರಿದರೆ, ಆ ಗಳಿಗೆಗೆ ಬೇಕಾದ ನೆನಪಿನ ಜಾಗವನ್ನೆಲ್ಲ ಭಯವೇ ತಿಂದುಹಾಕುತ್ತದೆ.

ಪುಣೆಯಲ್ಲಿ ಇನ್ನೊಂದು ತೊಡಕೂ ಇದೆ. ಗೋದಾಮಿನವರು ಈಕೆಗೆ ಅಂಕಿ ಹೇಳುವುದು ಮರಾಠಿಯಲ್ಲಿ. ಕನ್ನಡದಲ್ಲಿ 'ನಲವತ್ತೇಳು', ಮೊದಲು ಹತ್ತು, ಆಮೇಲೆ ಬಿಡಿ. ಇಂಗ್ಲಿಷಿನಲ್ಲೂ ಹಾಗೇ. ಮರಾಠಿಯ 'ಸತ್ತೇಚಾಳೀಸ್'ನಲ್ಲಿ ಏಳು ಮೊದಲು ಕಿವಿಗೆ ಬೀಳುತ್ತದೆ, ಆಕೆಯ ಕೈ 74 ಎಂದು ಬರೆಯಲು ಹೊರಡುತ್ತದೆ. 59ಕ್ಕೆ ಮರಾಠಿಯಲ್ಲಿ 'ಏಕೋಣಸಾಠ್', ಅರವತ್ತಕ್ಕೆ ಒಂದು ಕಡಿಮೆ. ಇದು ಹೊರಗಿನಿಂದ ಬಂದವರಿಗಷ್ಟೇ ಇರುವ ಕಷ್ಟ ಎಂದು ಆಕೆ ತಿಳಿದಿದ್ದರು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯೇ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 21ಕ್ಕೆ 'ಏಕವೀಸ್' ಎನ್ನುವುದರ ಜೊತೆಗೆ, ಹತ್ತು ಮೊದಲು ಬರುವ 'ವೀಸ್ ಏಕ್' ಎನ್ನುವ ರೀತಿಯನ್ನೂ ತಂದಾಗ ರಾಜ್ಯದಲ್ಲಿ ದೊಡ್ಡ ವಾದ ನಡೆದಿತ್ತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಳಾ ನಾರಳೀಕರ್ ಮಕ್ಕಳ ಕಷ್ಟವನ್ನು ಮುಂದಿಟ್ಟು ಆ ಬದಲಾವಣೆಯನ್ನು ಸಮರ್ಥಿಸಿಕೊಂಡರು. ಮರಾಠಿ ಮಕ್ಕಳಿಗೇ ಕಷ್ಟ ಎಂದು ಪಠ್ಯ ಬರೆದವರು ಒಪ್ಪಿದ್ದನ್ನು ಕೇಳಿದಾಗ ಆಕೆಯ ಮುಖ ಮೊದಲ ಬಾರಿಗೆ ಸಡಿಲವಾದದ್ದನ್ನು ಕಂಡೆ.

ಜರ್ಮನ್ನರ ವಿಷಯವನ್ನೂ ಹೇಳಿದೆ. ಅವರ ಭಾಷೆಯಲ್ಲೂ ಬಿಡಿ ಮೊದಲು, 'ಒಂದು ಮತ್ತು ಇಪ್ಪತ್ತು' ಎಂಬ ಕ್ರಮ. ನಾವು ಬಿಲಿಯನ್ ಎನ್ನುವ ನೂರು ಕೋಟಿಗೆ ಅವರು 'ಮಿಲಿಯಾರ್ಡ' ಎನ್ನುತ್ತಾರೆ, ಅವರ 'ಬಿಲಿಯೋನ್' ಅದರ ಸಾವಿರ ಪಟ್ಟು. ಬ್ರಿಟನ್ನಿನಲ್ಲೂ ಬಿಲಿಯನ್ ಎಂದರೆ ಹಿಂದೆ ಮಿಲಿಯನ್ ಮಿಲಿಯನ್ ಆಗಿತ್ತು. ಸರ್ಕಾರ ಇನ್ನು ಮುಂದೆ ಸಾವಿರ ಮಿಲಿಯನ್ ಎಂಬ ಅರ್ಥದಲ್ಲೇ ಬಳಸುತ್ತದೆ ಎಂದು ಪ್ರಧಾನಿ ಹೆರಾಲ್ಡ್ ವಿಲ್ಸನ್ ತಿಳಿಸಿದ್ದು 1974ರಲ್ಲಿ. ಕಾಲ್‌ನ ಆ ತುದಿಯಲ್ಲಿ ಕೂತವರೂ ಬೇರೊಂದು ಕ್ರಮದಿಂದ ಇಂಗ್ಲಿಷಿಗೆ ಬಂದವರು. ಈಕೆ ಅವರನ್ನು ಪರೀಕ್ಷೆ ಮಾಡುವ ಮೇಷ್ಟ್ರು ಎಂದುಕೊಂಡು ಕೂರುತ್ತಿದ್ದರು.

ಆದರೆ ಆಕೆಯನ್ನು ಹೆಚ್ಚು ನೋಯಿಸಿದ ಸಂಗತಿ ಆಫೀಸಿನದಲ್ಲ, ಅದು ತಡವಾಗಿ ಹೊರಬಂತು. ಮಗಳಿಗೆ ಈ ವರ್ಷ ಶಾಲೆಯಲ್ಲಿ ಎರಡೂ ಪದ್ಧತಿಯ ದೊಡ್ಡ ಸಂಖ್ಯೆಗಳ ಪಾಠವಿದೆ. ಒಂದು ಸಂಜೆ ತಾಯಿ 100,000 ಎಂಬುದನ್ನು ತಪ್ಪಾಗಿ ಓದಿದರು. "ಮಮ್ಮಿ, ಅದು ಹಂಡ್ರೆಡ್ ಥೌಸಂಡ್, ನಿನಗ ಗೊತ್ತಿಲ್ಲ ಬಿಡು" ಎಂದು ಮಗು ಅಂದುಬಿಟ್ಟಿತು. ಅಲ್ಲಿದ್ದ ಮೈದುನ ನಕ್ಕ. ಅಂದಿನಿಂದ ಆಕೆ ಮಗಳ ಗಣಿತದ ಪಕ್ಕ ಕೂರುವುದನ್ನೇ ಬಿಟ್ಟರು. ಲೆಕ್ಕದಲ್ಲಿ ಇಷ್ಟು ಚುರುಕಾದ ತಾಯಿ, ಓದುವ ಬಗೆಯೊಂದು ಗೊತ್ತಿಲ್ಲವೆಂದು ಮಗಳ ಪಕ್ಕದಿಂದ ಎದ್ದುಹೋದದ್ದು ನನಗೆ ಬಹಳ ಸಂಕಟ ತಂದಿತು.

ಕೊಟ್ಟ ಸಲಹೆ

ಮೊದಲನೆಯ ಮಾತು, ಮಿಲಿಯನ್ ಓದುವಾಗ ಕನ್ನಡದಿಂದ ಅನುವಾದ ಮಾಡಬೇಡಿ. ಲಕ್ಷ, ಕೋಟಿ ಬೇಕಾದ ಕಡೆ ಧಾರಾಳವಾಗಿ ಲ್ಯಾಕ್, ಕ್ರೋರ್ ಎನ್ನಿ. ಇಲ್ಲಿನ ಬ್ಯಾಂಕು, ಆಡಿಟರು, ತೆರಿಗೆ ಕಚೇರಿ ಎಲ್ಲ ನಡೆಯುವುದೂ ಅದರಲ್ಲೇ, ಅದು ತಪ್ಪು ಇಂಗ್ಲಿಷ್ ಅಲ್ಲ. ಮಿಲಿಯನ್ ಬಂದಾಗ ಮಾತ್ರ ಲಕ್ಷವನ್ನು ಪೂರ್ತಿ ಬದಿಗಿಡಿ. ಬಲಗಡೆಯಿಂದ ಮೂರು ಮೂರು ಅಂಕಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಎಡದಿಂದ ಒಂದೊಂದು ಗುಂಪನ್ನು ಅದೊಂದೇ ಸಂಖ್ಯೆ ಎಂಬಂತೆ ಓದಿ, ಗೆರೆ ಬಂದಲ್ಲಿ ಅದರ ಹೆಸರು ಹೇಳಿ ಉಸಿರು ಬಿಡಿ. ಬಲತುದಿಯ ಗುಂಪಿಗೆ ಹೆಸರಿಲ್ಲ, ಅದರ ಎಡದ್ದು ಥೌಸಂಡ್, ಅದರಾಚೆ ಮಿಲಿಯನ್, ಅದರಾಚೆ ಬಿಲಿಯನ್. ಪೂರ್ತಿ ಸೊನ್ನೆಯ ಗುಂಪು ಬಂದರೆ ಅದನ್ನು ದಾಟಿ ಹೋಗಬೇಕು: 7,000,012 ಎಂದರೆ ಸೆವೆನ್ ಮಿಲಿಯನ್ ಅಂಡ್ ಟ್ವೆಲ್ವ್, ಅಷ್ಟೇ. 'ಅಂಡ್' ಬ್ರಿಟಿಷರು ಹೇಳುತ್ತಾರೆ, ಅಮೆರಿಕದವರು ಹೆಚ್ಚಾಗಿ ಬಿಡುತ್ತಾರೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಹೀಗೆ ನೋಡಿದರೆ ನಿಜವಾಗಿ ಕಲಿಯಬೇಕಾದದ್ದು ಮೂರಂಕಿಯ ಸಂಖ್ಯೆಗಳನ್ನು ಮಾತ್ರ. ಅವನ್ನು ಬಾಯಿಗೆ ಬರುವಷ್ಟು ಓದಿ ಎಂದೆ. ಬಸ್ಸಿನ ನಂಬರು, ಬಿಲ್ಲು, ಕಟ್ಟಡದ ನಂಬರು, ಏನು ಕಂಡರೂ ಗಟ್ಟಿಯಾಗಿ. ಮೊದಲ ಕೆಲವು ದಿನ ದೊಡ್ಡ ಸಂಖ್ಯೆ ಮುಟ್ಟಲೇಬಾರದೆಂದು ಹೇಳಿದ್ದೆ. ಆಮೇಲೆ ಅಭ್ಯಾಸಕ್ಕೆ ಕೊಟ್ಟವು ಬೇಸರ ತರದ ಅಂಕಿಗಳು: 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297, ಅಂದರೆ 61,095,297, ಮಹಾರಾಷ್ಟ್ರದ್ದು 11,23,74,333, ಅಂದರೆ 112,374,333, ಬೆಳಕು ಒಂದು ಸೆಕೆಂಡಿಗೆ ಸಾಗುವ 299,792,458 ಮೀಟರು. ಪ್ರತಿಯೊಂದನ್ನೂ ಎರಡು ರೀತಿಯಲ್ಲಿ ಬರೆದು ಎರಡು ರೀತಿಯಲ್ಲಿ ಓದಬೇಕು. ನೆನಪಿಡಬೇಕಾದ ಸೇತುವೆಗಳು ಮೂರೇ: ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್, ಲಕ್ಷ ಕೋಟಿ ಒಂದು ಟ್ರಿಲಿಯನ್. 2025-26ರ ಕೇಂದ್ರ ಬಜೆಟ್ಟಿನ ಅಂದಾಜು ವೆಚ್ಚ 50.65 ಲಕ್ಷ ಕೋಟಿ ರೂಪಾಯಿ ಎಂದು ಪತ್ರಿಕೆಯಲ್ಲಿ ಓದಿದರೆ ಅಂಕಿ ಬದಲಿಸದೆ 50.65 ಟ್ರಿಲಿಯನ್ ಎನ್ನಬಹುದು.

ಕಿವಿಯ ಕಷ್ಟ ಬೇರೆಯೇ. ಕನ್ನಡದ ಹದಿನೈದು, ಐವತ್ತು ಮೊದಲ ಅಕ್ಷರದಲ್ಲೇ ಬೇರೆಯಾಗುತ್ತವೆ. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಬೇರೆಯಾಗುವುದು ಕೊನೆಯಲ್ಲಿ, ಫೋನಿನಲ್ಲಿ ಆ ಕೊನೆಯೇ ನುಂಗಿಹೋಗುತ್ತದೆ. ಹೇಳುವಾಗ 'ಟೀನ್' ಅನ್ನು ಎಳೆದು ಒತ್ತಿ ಹೇಳಿ, ಜೊತೆಗೆ 'ಒನ್ ಫೈವ್' ಎಂದು ಬಿಡಿಸಿಯೂ ಹೇಳಿ. ಕೇಳುವಾಗ ಅನುಮಾನ ಬಂದರೆ ನೀವೇ ಬಿಡಿ ಅಂಕಿಯಾಗಿ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮಾಡುವುದು ಹೀಗೆಯೇ. ಮರಾಠಿ ಅಂಕಿಗಳನ್ನು ಮಾತಿನಲ್ಲಿ ತೆಗೆದುಕೊಳ್ಳದೆ ವಾಟ್ಸ್ಆಪ್‌ನಲ್ಲಿ ಬರೆದು ಕಳಿಸಲು ಗೋದಾಮಿನವರನ್ನು ಕೇಳಿ ಎಂದೆ. ಕೇಳಿದರು, ಅವರೂ ತಕ್ಷಣ ಒಪ್ಪಿದರು.

ಸೋಮವಾರದ ರಜೆ ನಿಲ್ಲಲೇಬೇಕೆಂದು ಗಟ್ಟಿಯಾಗಿ ಹೇಳಿದೆ. ತಪ್ಪಿಸಿಕೊಂಡಾಗಲೆಲ್ಲ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಮುಂದಿನ ವಾರದ ಭಯ ಮಾತ್ರ ಬೆಳೆದಿರುತ್ತದೆ. ಆದರೆ ಒಮ್ಮೆಗೇ ಪೂರ್ತಿ ಹಾಳೆ ಓದಬೇಕಾಗಿಲ್ಲ. ಮೊದಲು ಒಬ್ಬರೇ, ಆಮೇಲೆ ಗಂಡನ ಎದುರು, ಆಮೇಲೆ ನಂಬುವ ಒಬ್ಬ ಸಹೋದ್ಯೋಗಿಯ ಎದುರು, ಆಮೇಲೆ ಕಾಲ್‌ನಲ್ಲಿ ಒಂದೇ ಒಂದು ಅಂಕಿ. ಹಾಳೆಯ ಅಂಚಿನಲ್ಲಿ ಓದುವ ರೀತಿಯನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲು ಹೇಳಿದೆ. ಯಾರಾದರೂ ನೋಡಿದರೆ ಎಂದು ಅಂಜಿದರು. ನೋಡಲಿ, ತಯಾರಿ ಮಾಡಿಕೊಂಡು ಬಂದಿದ್ದಾರೆ ಎಂದುಕೊಳ್ಳುತ್ತಾರೆ ಎಂದೆ. ಈ ಯೋಜನೆಯನ್ನು ಮ್ಯಾನೇಜರಿಗೆ ಮೊದಲೇ ತಿಳಿಸಲು ಆಕೆಗೆ ಬಹಳ ಕಷ್ಟವಾಯಿತು, ಎರಡು ಭೇಟಿಗಳ ನಡುವೆ ಮುಂದೂಡಿದರು. ಕೊನೆಗೆ ಹೇಳಿದಾಗ, ಮಿಕ್ಕ ಅಂಕಿಗಳನ್ನು ತಾವೇ ಓದುವುದಾಗಿ ಅವರು ಒಪ್ಪಿದರು.

ಗಂಡನನ್ನು ಒಮ್ಮೆ ಕರೆಸಿ ಮಾತಾಡಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಣ ಕಟ್ಟಿದ್ದರು. ಅಲ್ಲಿ ಸ್ವಪರಿಚಯ, ಹವಾಮಾನದ ಮಾತು ಕಲಿಸಿದರು, ಅಂಕಿ ಓದುವುದನ್ನು ಯಾರೂ ಕಲಿಸಲಿಲ್ಲ. ತಮ್ಮನ ನಗೆಯನ್ನು ನಿಲ್ಲಿಸುವುದು ನಿಮ್ಮ ಕೆಲಸ, ಆಕೆಯದಲ್ಲ ಎಂದು ನೇರವಾಗಿ ಹೇಳಿದೆ. ಒಪ್ಪಿಕೊಂಡರು. ಮಗಳ ಜೊತೆ ಮತ್ತೆ ಕೂರಲು ಒಂದೇ ಷರತ್ತು ಹಾಕಿದ್ದೆ: ಯಾರೂ ಯಾರನ್ನೂ ಪರೀಕ್ಷಿಸಬಾರದು. ಮಗು ಇಂಗ್ಲಿಷಿನಲ್ಲಿ ಓದಲಿ, ತಾಯಿ ಅದೇ ಸಂಖ್ಯೆಯನ್ನು ಕನ್ನಡದಲ್ಲಿ ಓದಲಿ. ಮಗುವಿಗೆ ಕನ್ನಡದಲ್ಲಿ ನೂರರ ಮೇಲೆ ಎಣಿಸಲು ಬರುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. 'ಒಂಬೈನೂರ ಎಂಬತ್ತೊಂಬತ್ತು' ಹೇಳಲು ಹೋಗಿ ಅದೇ ತಡವರಿಸಿ, ಅಮ್ಮನನ್ನೇ ಕೇಳಿತಂತೆ.

ಈಗ ಆಕೆ ಸೋಮವಾರದ ಹಾಳೆಯನ್ನು ಪೂರ್ತಿ ಓದುತ್ತಾರೆ, ನಿಧಾನವಾಗಿ. ತ್ರೈಮಾಸಿಕದ ಕೊನೆಯಲ್ಲಿ ಹೊಟ್ಟೆನೋವು ಇನ್ನೂ ಬರುತ್ತದೆ. ಫಿಫ್ಟೀನ್, ಫಿಫ್ಟಿ ಈಗಲೂ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಹಿಂದೆ ಬೇಡವೆಂದಿದ್ದ ಬಡ್ತಿಯ ಮಾತು ಮತ್ತೆ ಬಂದಿದೆ, ಸ್ವಲ್ಪ ಸಮಯ ಕೇಳಿದ್ದಾರೆ, ನಾನು ಒತ್ತಾಯಿಸಿಲ್ಲ. ಕಳೆದ ಭೇಟಿಯಲ್ಲಿ ಆಕೆ ತಂದದ್ದು ದಶಮಾಂಶದ ಪ್ರಶ್ನೆ. 2.75 ಎಂಬುದನ್ನು ಟೂ ಪಾಯಿಂಟ್ ಸೆವೆನ್ ಫೈವ್ ಎಂದು ಬಿಡಿಬಿಡಿಯಾಗಿ ಓದಬೇಕು, ಸೆವೆಂಟಿ ಫೈವ್ ಎನ್ನಬಾರದು ಎಂದೆ. ಜರ್ಮನಿಯಿಂದ ಬರುವ ಕಾಗದಗಳಲ್ಲಿ ಚುಕ್ಕೆ, ಅಲ್ಪವಿರಾಮ ಅದಲುಬದಲಾಗಿರುತ್ತವೆ. 1.250,00 ಎಂದಿದ್ದರೆ ಅದು ಸಾವಿರದ ಇನ್ನೂರ ಐವತ್ತು. ಅಂಥ ಹಾಳೆ ಬಂದಾಗ ಊಹಿಸದೆ, ಕಾಲ್ ಶುರುವಾಗುವ ಮೊದಲೇ ಮೇಲ್ ಕಳಿಸಿ ಕೇಳಿಕೊಳ್ಳಿ ಎಂದು ಹೇಳಿದ್ದೇನೆ.