ರೋಸೆಟ್ ಮಸುಕಾದದ್ದಕ್ಕೆ ಕ್ಯಾಮೆರಾವನ್ನು ಬೈಯಬೇಡಿ

ನೀವು ಇಲ್ಲಿ ಹಾಕಿದ ರೋಸೆಟ್ ನೀಹಾರಿಕೆಯ (ಹೂವಿನಂತೆ ಕಾಣುವ, ಹೊಳೆಯುವ ಅನಿಲದ ಮೋಡ) ಚಿತ್ರವನ್ನು ಹಿಗ್ಗಿಸಿ ಮೂಲೆ ಮೂಲೆಯನ್ನೂ ನೋಡಿದೆ. ಎಂಟು ಇಂಚಿನ ಹೊಸ ನ್ಯೂಟೋನಿಯನ್ (ಕನ್ನಡಿಯಿಂದ ಬೆಳಕು ಕೂಡಿಸುವ) ದೂರದರ್ಶಕ, 1000 ಮಿ.ಮೀ. ಸಂಗಮದೂರ, ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಹಿತ್ತಲಿನಲ್ಲಿ ಚಾವಣಿ ಸರಿಸುವ ಕೋಣೆ, ಐದೈದು ನಿಮಿಷದ ಹನ್ನೆರಡು ಎಕ್ಸ್‌ಪೋಷರ್‌ಗಳು. ಇಷ್ಟೆಲ್ಲ ಇದ್ದೂ ನಕ್ಷತ್ರಗಳು ಉದ್ದವಾಗಿವೆ, ಅಂಚುಗಳು ಕಪ್ಪಾಗಿವೆ, ನೀಹಾರಿಕೆ ಎಲ್ಲಿದೆ ಎಂದು ಹುಡುಕಬೇಕು. ಹೊಸ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಆ ಚಿತ್ರದಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕುಳಿತಿವೆ. ಕ್ಯಾಮೆರಾದ ಪಾಲು ಅದರಲ್ಲಿ ಒಂದೇ.

ಮೊದಲು ನಕ್ಷತ್ರಗಳ ಆಕಾರ ನೋಡೋಣ. ಚಿತ್ರದ ನಟ್ಟನಡುವಿನ ನಕ್ಷತ್ರಗಳೂ ಒಂದೇ ದಿಕ್ಕಿಗೆ ಎಳೆದಂತಿವೆ. ಇದು ಕನ್ನಡಿಯ ತಪ್ಪಲ್ಲ, ದೂರದರ್ಶಕವನ್ನು ಹೊತ್ತು ಆಕಾಶದೊಂದಿಗೆ ತಿರುಗಿಸುವ ಮೌಂಟ್‌ನದು. ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗ ಹಿಡಿಯುತ್ತದೆ ಎಂದು ಲೆಕ್ಕ ಹಾಕೋಣ. ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿ.ಮೀ.ನಲ್ಲಿರುವ ಸಂಗಮದೂರದಿಂದ ಭಾಗಿಸಿ. ನಿಮ್ಮ ಪಿಕ್ಸೆಲ್ 3.9 ಮೈಕ್ರಾನ್ ಎಂದುಕೊಂಡರೆ ಒಂದು ಪಿಕ್ಸೆಲ್‌ಗೆ ಸುಮಾರು 0.8 ಆರ್ಕ್ ಸೆಕೆಂಡ್ (ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು) ಬರುತ್ತದೆ. ರೋಸೆಟ್ ಇರುವುದು ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಹತ್ತಿರ. ಅಲ್ಲಿ ಆಕಾಶ ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 15 ಆರ್ಕ್ ಸೆಕೆಂಡ್ ಸರಿಯುತ್ತದೆ. ಮೌಂಟ್ ನಿಂತುಬಿಟ್ಟರೆ ನಕ್ಷತ್ರ ಒಂದೇ ಸೆಕೆಂಡಿನಲ್ಲಿ ಹದಿನೆಂಟು ಪಿಕ್ಸೆಲ್ ದಾಟಿಹೋಗುತ್ತದೆ ಎಂದಾಯಿತು. ಅದನ್ನು ಐದು ನಿಮಿಷ ಒಂದೆರಡು ಪಿಕ್ಸೆಲ್‌ಗಳ ಒಳಗೆ ಹಿಡಿದಿಡು ಎಂದು ನೀವು ಮೌಂಟ್‌ಗೆ ಹೇಳಿದ್ದೀರಿ, ಅದೂ ಒಂದು ನಕ್ಷತ್ರವನ್ನು ನೋಡುತ್ತ ಮೌಂಟನ್ನು ತಿದ್ದುವ ಗೈಡ್ ಕ್ಯಾಮೆರಾ ಇಲ್ಲದೆ. ಪಾಪ, ಅದು ತನ್ನ ಕೈಲಾದಷ್ಟು ಮಾಡಿದೆ.

ಹನ್ನೆರಡು ಬಿಡಿ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತಿರುವಿ ನೋಡಿ. ಎಳೆತ ಪೂರ್ವ-ಪಶ್ಚಿಮ ದಿಕ್ಕಿನಲ್ಲಿದ್ದು ಒಂದು ಚಿತ್ರದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದಾದರೆ ಅದು ಗೇರ್‌ನ ಹಲ್ಲುಗಳಿಂದ ಬರುವ ಆವರ್ತ ದೋಷ. ಎಲ್ಲದರಲ್ಲೂ ಒಂದೇ ಸಮನಾಗಿ ಉತ್ತರ-ದಕ್ಷಿಣಕ್ಕೆ ಜಾರುತ್ತಿದ್ದರೆ ಧ್ರುವ ಜೋಡಣೆ, ಅಂದರೆ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು, ಸರಿಯಿಲ್ಲ. ಎರಡನೆಯದಕ್ಕೆ ಒಂದು ಸಂಜೆ ಸಾಕು. ಮೌಂಟ್ ಕಂಬದ ಮೇಲೇ ಇರುವುದರಿಂದ ಒಮ್ಮೆ ಸರಿಪಡಿಸಿದರೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಮೊದಲನೆಯದಕ್ಕೆ ಒಂದು ಪುಟ್ಟ ಗೈಡ್ ದೂರದರ್ಶಕ, ಗೈಡ್ ಕ್ಯಾಮೆರಾ ಬೇಕು. ಅವನ್ನು ನಡೆಸುವ ಪಿಎಚ್‌ಡಿ2 ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ದುಡ್ಡು ಖರ್ಚು ಮಾಡಲೇಬೇಕೆಂದು ಕೈ ತುರಿಸುತ್ತಿದ್ದರೆ ಮೊದಲು ಇಲ್ಲಿ ಮಾಡಿ. ಅಲ್ಲಿಯವರೆಗೆ ಎಕ್ಸ್‌ಪೋಷರನ್ನು ಒಂದು ನಿಮಿಷಕ್ಕೆ, ಬೇಕಾದರೆ ಅರ್ಧ ನಿಮಿಷಕ್ಕೆ ಇಳಿಸಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ: ಕಂಬವನ್ನು ಕೋಣೆಯ ನೆಲದ ಕಾಂಕ್ರೀಟಿಗೆ ಸೇರಿಸಿಯೇ ಎರಕ ಹೊಯ್ದಿದ್ದೀರಾ? ನಾನು ಹಾಗೆ ಮಾಡಿ ಕೆಟ್ಟೆ. ಕೋಣೆಯೊಳಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಪರದೆಯ ಮೇಲೆ ನಕ್ಷತ್ರ ಕುಣಿಯುತ್ತಿತ್ತು. ಕೊನೆಗೆ ಕಂಬದ ಸುತ್ತಲಿನ ನೆಲವನ್ನು ಕತ್ತರಿಸಿ ಎರಡು ಬೆರಳಿನಷ್ಟು ಸಂದು ಬಿಡಿಸಿದೆ. ಕತ್ತರಿಸುವ ದಿನ ಮನೆಯವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮೂಲೆಗಳಲ್ಲಿ ನಕ್ಷತ್ರಗಳಿಗೆ ಬಾಲ ಬಂದಿರುವುದು ಬೇರೆಯೇ ವಿಷಯ. ಅದು ಕೋಮಾ, ಅಂಚಿನ ನಕ್ಷತ್ರಗಳ ಬೆಳಕು ಒಂದೇ ಬಿಂದುವಿಗೆ ಕೂಡದ ದೋಷ. ನಿಮ್ಮದರಂತಹ ಎಫ್/5 (ಸಂಗಮದೂರ ವ್ಯಾಸದ ಐದರಷ್ಟಿರುವ) ಕನ್ನಡಿಗೆ ಹುಟ್ಟುಗುಣ. ಇದನ್ನು ತಿದ್ದುವ ಕೋಮಾ ಕರೆಕ್ಟರ್ ಎಂಬ ಮಸೂರ ಹಾಕಬೇಕು, ಅದರಿಂದ ಸೆನ್ಸರ್‌ಗೆ ತಯಾರಕರು ಹೇಳಿದಷ್ಟೇ ಅಂತರವಿರಬೇಕು. ಹೆಚ್ಚಿನವಕ್ಕೆ ಇದು 55 ಮಿ.ಮೀ. ಅದಕ್ಕೂ ಮುಂಚೆ ಕನ್ನಡಿಗಳ ಕೊಲಿಮೇಷನ್ (ಒಂದಕ್ಕೊಂದು ನೇರವಾಗಿವೆಯೇ ಎಂಬುದು) ನೋಡಿಕೊಳ್ಳಿ.

ಕಪ್ಪು ಅಂಚುಗಳಿಗೆ ಫ್ಲ್ಯಾಟ್ ಚಿತ್ರಗಳೇ ಮದ್ದು. ಕ್ಯಾಮೆರಾವನ್ನು ತಿರುಗಿಸದೆ, ಫೋಕಸ್ ಮುಟ್ಟದೆ, ಕೊಳವೆಯ ಬಾಯಿಗೆ ಒಂದೇ ಸಮನಾದ ಬೆಳಕು ಕೊಟ್ಟು ಇಪ್ಪತ್ತು ಮೂವತ್ತು ಚಿತ್ರ ತೆಗೆಯಿರಿ. ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ನಡುವಿನ ಆಸುಪಾಸಿನಲ್ಲಿರಲಿ. ಅಂಚಿನ ಕತ್ತಲೆಯಷ್ಟೇ ಅಲ್ಲ, ಸೆನ್ಸರ್ ಮೇಲಿನ ದೂಳಿನ ಉಂಗುರಗಳೂ ಹೋಗುತ್ತವೆ. ಸೆನ್ಸರ್‌ನ ಬಿಸಿ ಚುಕ್ಕೆಗಳನ್ನು ಕಳೆಯಲು ಬಾಯಿ ಮುಚ್ಚಿ ತೆಗೆಯುವ ಡಾರ್ಕ್ ಚಿತ್ರಗಳನ್ನು ಮಾತ್ರ ಅದೇ ರಾತ್ರಿ ತೆಗೆಯಬೇಕು, ಡಿಎಸ್‌ಎಲ್‌ಆರ್ ಸೆನ್ಸರ್‌ನ ತಾಪ ನಮ್ಮ ಹಿಡಿತದಲ್ಲಿರುವುದಿಲ್ಲ.

ಇನ್ನು ಕ್ಯಾಮೆರಾದ ಪಾಲು. ರೋಸೆಟ್‌ನ ಬೆಳಕಿನಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಆಲ್ಫಾ, 656.3 ನ್ಯಾನೋಮೀಟರ್‌ನ ಕಡುಗೆಂಪು. ಸಾಮಾನ್ಯ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆ ಕೂರಿಸಿರುವ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ಮೇಲಾಗಿ ರೋಸೆಟ್ ಸುಮಾರು 1.3 ಡಿಗ್ರಿ ಅಗಲದ ಗುಂಡು. ನಿಮ್ಮ ಎಪಿಎಸ್-ಸಿ ಅಳತೆಯ ಸೆನ್ಸರ್‌ಗೆ 1000 ಮಿ.ಮೀ.ನಲ್ಲಿ ಸಿಗುವುದು 1.35 ಡಿಗ್ರಿ ಉದ್ದ, 0.9 ಡಿಗ್ರಿ ಅಗಲ. ಹೂವಿನ ದಳಗಳು ಮೇಲೂ ಕೆಳಗೂ ಕತ್ತರಿಸಿಹೋಗಿರುವುದು ಅದಕ್ಕೇ.

ಸದ್ಯಕ್ಕೆ ರೋಸೆಟ್ ಬಿಟ್ಟು ಪಕ್ಕದ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಎಂ42 ನೀಹಾರಿಕೆಗೆ ಬನ್ನಿ. ಅದರಲ್ಲಿ ಆಮ್ಲಜನಕದ ಹಸಿರು-ನೀಲಿಯೂ ಧಾರಾಳವಾಗಿದೆ, ಹಾಗಾಗಿ ಆ ಫಿಲ್ಟರ್ ತೆಗೆಸದ ಕ್ಯಾಮೆರಾಕ್ಕೂ ಒಲಿಯುತ್ತದೆ. ಒಡಲಿನಲ್ಲಿರುವ ಟ್ರಪೀಜಿಯಂ ನಕ್ಷತ್ರಗಳ ಸುತ್ತ ಬೆಳಕು ಎಷ್ಟು ತೀವ್ರವೆಂದರೆ ಒಂದು ನಿಮಿಷಕ್ಕೇ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆಂದೇ ಐದು, ಹತ್ತು ಸೆಕೆಂಡಿನ ಒಂದಷ್ಟು ಚಿತ್ರಗಳನ್ನು ಬೇರೆ ತೆಗೆದು ಆಮೇಲೆ ಸೇರಿಸಿ. ಅಮೆರಿಕದ ಖಗೋಳಜ್ಞ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ತೆಗೆದದ್ದು ಇದೇ ಎಂ42ರದು, 51 ನಿಮಿಷದ ಎಕ್ಸ್‌ಪೋಷರ್. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಅದಕ್ಕಿಂತ ಎಷ್ಟೋ ಚೆನ್ನಾಗಿ ತೆಗೆದರು. ದೂರದರ್ಶಕದಲ್ಲಿ ಕಣ್ಣಿಟ್ಟರೆ ಕಾಣದ ನಕ್ಷತ್ರಗಳು ಫಲಕದ ಮೇಲೆ ಮೂಡಿದ್ದವು. ಕಾಮನ್ ವೃತ್ತಿಯಿಂದ ನೈರ್ಮಲ್ಯ ಎಂಜಿನಿಯರ್, ಅವರ 36 ಇಂಚಿನ ದೂರದರ್ಶಕ ಇದ್ದದ್ದು ಲಂಡನ್ ಬಳಿಯ ಈಲಿಂಗ್‌ನ ತಮ್ಮ ಮನೆಯ ತೋಟದಲ್ಲಿ. ನಮ್ಮ ಹಿತ್ತಲಿನವರ ಕುಲಕ್ಕೆ ಸೇರಿದವರೇ.

ಈಗ ನಾನು ಹೇಳಲೇಬೇಕೆಂದಿರುವ ಮಾತು. ನೀವು ಒಂದು ಗಂಟೆಯ ಬೆಳಕು ಸಂಗ್ರಹಿಸಿ ಅದರಿಂದಲೇ ಚಿತ್ರ ಮಾಡಿದಿರಿ. ಚಿತ್ರಗಳನ್ನು ಒಟ್ಟುಗೂಡಿಸಿದಾಗ ಗದ್ದಲ (ಚಿತ್ರದಲ್ಲಿ ಮರಳಿನಂತೆ ಕಾಣುವ ಚುಕ್ಕೆಗಳು) ಕಡಿಮೆಯಾಗುವುದು ಸಮಯದ ವರ್ಗಮೂಲದ ಲೆಕ್ಕದಲ್ಲಿ. ಎರಡರಷ್ಟು ಶುದ್ಧವಾಗಬೇಕಾದರೆ ನಾಲ್ಕು ಗಂಟೆ ಬೇಕು, ನಾಲ್ಕರಷ್ಟಾಗಲು ಹದಿನಾರು ಗಂಟೆ. ಹದಿನಾರು ಗಂಟೆ ಒಂದೇ ರಾತ್ರಿಯಲ್ಲಿ ಯಾರಿಗೂ ಸಿಗುವುದಿಲ್ಲ. ಕಾರಿನಲ್ಲಿ ಸಲಕರಣೆ ಹೊತ್ತೊಯ್ಯುವವರಿಗಂತೂ ಜೋಡಿಸಿ ಬಿಚ್ಚುವುದರಲ್ಲೇ ಅರ್ಧ ರಾತ್ರಿ ಹೋಗುತ್ತದೆ. ನಿಮ್ಮದು ಹಾಗಲ್ಲ: ಚಾವಣಿ ಸರಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಶುರು. ವಾರದ ನಡುವೆ ಒಂದೂವರೆ ಗಂಟೆ ಆಕಾಶ ತೆರೆದರೂ ಅದು ಲಾಭವೇ. ಕ್ಯಾಮೆರಾ ಅದೇ ಕೋನದಲ್ಲಿ ಉಳಿದಿದ್ದರೆ ಈ ವಾರದ ಚಿತ್ರಗಳನ್ನೂ ಮುಂದಿನ ತಿಂಗಳಿನವನ್ನೂ ಸಿರಿಲ್ ತಂತ್ರಾಂಶ ಸಲೀಸಾಗಿ ಹೊಂದಿಸುತ್ತದೆ. ನನ್ನ ಉತ್ತರ ಅಮೆರಿಕ ನೀಹಾರಿಕೆಯ ಚಿತ್ರಕ್ಕೆ ಹನ್ನೊಂದು ರಾತ್ರಿ ಹಿಡಿಯಿತು. ಅವುಗಳಲ್ಲಿ ಎರಡೇ ಪೂರ್ತಿ ರಾತ್ರಿಗಳು, ಉಳಿದವೆಲ್ಲ ಮೋಡಗಳ ನಡುವೆ ಕದ್ದ ಚೂರುಪಾರು. ಒಂದು ರಾತ್ರಿಗೆ ಐದು ನೀಹಾರಿಕೆ ಸುತ್ತುವ ಆಸೆ ಎಲ್ಲರಿಗೂ ಆಗುತ್ತದೆ. ಕೋಣೆ ಕಟ್ಟಿಸಿದವರು ಆ ಆಸೆಗೆ ಬಿದ್ದರೆ ಕಟ್ಟಿಸಿದ್ದೇ ದಂಡ.

ಕೋಣೆಯ ಒಂದು ಕೆಡುಕನ್ನೂ ಹೇಳಿಬಿಡುತ್ತೇನೆ. ತಗಡಿನ ಚಾವಣಿಯಾದರೆ ಹಗಲೆಲ್ಲ ಒಳಗೆ ಒಲೆ. ಕನ್ನಡಿ ಬಿಸಿಯಾಗಿರುವಷ್ಟು ಹೊತ್ತೂ ಕೊಳವೆಯೊಳಗೆ ಗಾಳಿ ಅಲೆಯಾಡಿ ನಕ್ಷತ್ರಗಳು ಉಬ್ಬುತ್ತವೆ. ಸೂರ್ಯ ಮುಳುಗುತ್ತಿದ್ದಂತೆ ಚಾವಣಿ ತೆಗೆದಿಡಿ, ಕನ್ನಡಿಯ ಹಿಂದೆ ಪುಟ್ಟ ಫ್ಯಾನ್ ಹಾಕಿ. ಫೋಕಸನ್ನು ಬಾಹ್ಟಿನೋವ್ ಮಾಸ್ಕ್ (ಕೊಳವೆಯ ಬಾಯಿಗೆ ಇಡುವ ಸೀಳುಗಳಿರುವ ಮುಚ್ಚಳ) ಇಟ್ಟು ಮಾಡಿ. ರಾತ್ರಿ ತಣ್ಣಗಾದಂತೆ ಅದು ಸರಿಯುತ್ತದೆ, ಗಂಟೆಗೊಮ್ಮೆ ನೋಡಿಕೊಳ್ಳಿ. ಚಾವಣಿ ಮುಚ್ಚುವ ಮುನ್ನ ಕೊಳವೆ ಚಾವಣಿಗೆ ತಗುಲದಂತೆ ಮಲಗಿದೆಯೇ ಎಂದು ಟಾರ್ಚ್ ಹಾಕಿ ನೋಡುವುದನ್ನೂ ರೂಢಿಸಿಕೊಳ್ಳಿ.

ಆ ಹನ್ನೆರಡು ಚಿತ್ರಗಳನ್ನು ಅಳಿಸಬೇಡಿ. ಅವುಗಳಲ್ಲಿ ಎಳೆತ ಯಾವ ದಿಕ್ಕಿಗೆ ಇದೆ, ಎಲ್ಲದರಲ್ಲೂ ಒಂದೇ ಸಮನಾಗಿದೆಯೇ ಎಂದು ನೋಡಿ ಇಲ್ಲಿ ಬರೆಯಿರಿ. ಧ್ರುವ ಜೋಡಣೆಯದೇ ತಪ್ಪಾಗಿದ್ದರೆ ಮುಂದಿನ ಹೆಜ್ಜೆಗಳನ್ನು ಬಿಡಿಸಿ ಹೇಳುತ್ತೇನೆ.