ಪೊರೆ ಪೂರ್ತಿ ಹಣ್ಣಾಗುವವರೆಗೆ ಕಾಯಬೇಕಾ?

ನಿಮ್ಮ ತಂದೆಗೆ 74 ವರ್ಷ, ಎರಡೂ ಕಣ್ಣಲ್ಲಿ ಪೊರೆ ಇದೆ, ಹಣ್ಣಾದ ಮೇಲೆ ತೆಗೆಸಿದರಾಯಿತು ಅನ್ನುತ್ತಾರೆ, ಕಾಯಬಹುದಾ ಅಂತ ಕೇಳಿದ್ದೀರಿ. ನಾನು ಶಿರಸಿ ಕಡೆಯವನು. ನನಗೆ 71, ಎರಡೂ ಕಣ್ಣಿನದು ಮಾಡಿಸಿಕೊಂಡಾಗಿದೆ.

ಹಣ್ಣಾಗಬೇಕು ಅನ್ನುವುದು ಹಳೇ ಕಾಲದ ಮಾತು. ಆಗ ಆಪರೇಷನ್ ಆದ ಮೇಲೆ ಸೋಡಾ ಬಾಟಲಿ ತಳದಂಥ ಕನ್ನಡಕ ಹಾಕಿಕೊಳ್ಳಬೇಕಿತ್ತು, ಅದಕ್ಕೇ ಕಣ್ಣು ತೀರಾ ಮಂಜಾಗುವವರೆಗೆ ಕಾಯುತ್ತಿದ್ದರು. ಈಗ ಎರಡು-ಮೂರು ಮಿಲಿಮೀಟರ್ ಸೀಳಿ, ಪೊರೆ ಪುಡಿ ಮಾಡಿ ಹೀರಿ ತೆಗೆದು, ಅದೇ ಜಾಗದಲ್ಲಿ ಲೆನ್ಸ್ ಕೂರಿಸುತ್ತಾರೆ. ಪೊರೆ ಗಟ್ಟಿಯಾದಷ್ಟೂ ಪುಡಿ ಮಾಡುವುದು ಕಷ್ಟ. ತೀರಾ ಬಿಟ್ಟರೆ ಕಣ್ಣಿನ ಒತ್ತಡ ಏರಿ ನೋವು ಬರುವುದೂ ಉಂಟು. ಹಾಗಂತ ಪೊರೆ ಅಂದ ಕೂಡಲೇ ಓಡಬೇಕಾಗಿಯೂ ಇಲ್ಲ.

ನನ್ನ ಕಣ್ಣಿನ ಗುಟ್ಟು ಬಿಟ್ಟುಕೊಟ್ಟದ್ದು ಅಡಿಕೆ. ಚಾಲಿ, ಕೋಕ, ಬಿಳೆಗೋಟು ಅಂತ ಅಡಿಕೆಯ ದರ್ಜೆಗಳನ್ನು ಬೇರೆ ಮಾಡುವಾಗ ಎಲ್ಲಾ ಒಂದೇ ಬಣ್ಣ ಕಾಣುತ್ತಿತ್ತು. ನಾನು ಆರಿಸಿಟ್ಟದ್ದನ್ನು ಹೆಂಡತಿ ಆಮೇಲೆ ಸದ್ದಿಲ್ಲದೆ ಮತ್ತೆ ಆರಿಸುತ್ತಿದ್ದಳಂತೆ. ನಾನು ಬಲ್ಬ್ ಸರಿ ಇಲ್ಲ ಅಂತ ಬಲ್ಬ್ ಬದಲಿಸಿದೆ! ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕದ ನಂಬರೂ ಬದಲಾಯಿತು. ಕೊನೆಗೆ ತೋಟಕ್ಕೆ ಹೋಗುವ ಸಂಕ (ಕಾಲುಸೇತುವೆ) ದಾಟಲು ಹೆದರಿಕೆಯಾಗಿ ಸುತ್ತು ದಾರಿ ಹಿಡಿದೆ. ಆವತ್ತು ಆಪರೇಷನ್‌ಗೆ ಒಪ್ಪಿದೆ. ಒಂದು ವರ್ಷ ಮೊದಲೇ ಒಪ್ಪಬಹುದಿತ್ತು.

ನಿಮ್ಮ ತಂದೆ ಯಾವ ಯಾವ ಕೆಲಸ ಬಿಟ್ಟಿದ್ದಾರೆ ಅಂತ ಸುಮ್ನೆ ಗಮನಿಸಿ. ಕೇಳಿದರೆ ಒಪ್ಪುವುದಿಲ್ಲ.

ಅಡಿಕೆ ಸುಲಿತ ಮುಗಿಸಿ ಮಾರ್ಚ್‌ನಲ್ಲಿ ಒಂದು ಕಣ್ಣಿನದು ಮಾಡಿಸಿದೆ. ನಮ್ಮ ಕಡೆ ಮಳೆಗಾಲ ಬೇಡವೇ ಬೇಡ. ಮಾರನೇ ದಿನ, ಮತ್ತೆ ವಾರಕ್ಕೆ, ಮತ್ತೆ ತಿಂಗಳಿಗೆ ತೋರಿಸಲು ಹೋಗಬೇಕಲ್ವಾ? ಆಪರೇಷನ್ನೇನೋ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸುಮಾರು ಒಂದು ತಿಂಗಳು ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುವುದೇ ದೊಡ್ಡ ಕೆಲಸ. ಬಚ್ಚಲೊಲೆ ಹೊಗೆ, ಅಡಿಕೆ ಧೂಳು ಎರಡರಿಂದಲೂ ಕೆಲವು ವಾರ ದೂರ ಇದ್ದೆ.

ಶುಗರ್ ಇದ್ದರೆ ಮೊದಲು ಹತೋಟಿಗೆ ತನ್ನಿ, ಕಣ್ಣಿನ ಹಿಂಭಾಗದ ನರಪರದೆಯನ್ನೂ ತೋರಿಸಿ. ಅದು ಕೆಟ್ಟಿದ್ದರೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದರೆ ಮರೆಯದೆ ಡಾಕ್ಟರಿಗೆ ಹೇಳಿ, ಆಪರೇಷನ್ ವೇಳೆ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ತೊಂದರೆ ಕೊಡಬಹುದು. ಲೆನ್ಸ್ ನಾನು ದೂರದ್ದು ಕಾಣುವಂಥದ್ದು ಹಾಕಿಸಿದೆ, ಪೇಪರ್ ಓದಲು ಈಗಲೂ ಕನ್ನಡಕ ಬೇಕು.

ಪಟ್ಟಿ ಬಿಚ್ಚಿದ ದಿನ ಒಂದೊಂದೇ ಕಣ್ಣು ಮುಚ್ಚಿ ಮನೆ ಗೋಡೆ ನೋಡಿದೆ. ಆಪರೇಷನ್ ಆದದ್ದರಲ್ಲಿ ಬಿಳಿ, ಪೊರೆ ಇದ್ದದ್ದರಲ್ಲಿ ಹಳದಿ. ಐದೇ ವಾರಕ್ಕೆ ಇನ್ನೊಂದು ಕಣ್ಣಿನದೂ ಮಾಡಿಸಿದೆ.